ಒಂದು ಪದಾರ್ಥ, ಒಂದೇ ಬದಲಾವಣೆ: ದಿನದ ಅಡುಗೆಗೆ ಕಾಸರಗೋಡಿನ ಸಣ್ಣ ಸಾಹಸಗಳು

ಇವತ್ತು ಸೌತೆಕಾಯಿ ಹುಳಿ, ಹರಿವೆ ಪಲ್ಯ, ಮಜ್ಜಿಗೆ. ನಾಳೆ ತೊಂಡೆಕಾಯಿ ಹುಳಿ, ಅಲಸಂಡೆ ಪಲ್ಯ, ಮಜ್ಜಿಗೆ. ನಾಡಿದ್ದು ಮತ್ತೆ ಸೌತೆಕಾಯಿ. ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಊಟ ಹೀಗೇ ಸುತ್ತುತ್ತಿರುತ್ತದೆ. ಊಟ ಚೆನ್ನಾಗಿಯೇ ಇರುತ್ತದೆ. ಉಣ್ಣುವವರು ಸುಮ್ನೆ ಉಂಡು ಏಳುತ್ತಾರೆ. ಬೇಜಾರು ಬಂದಿರುವುದು ಮಾಡುವವರಿಗೆ.

ಆಗ ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ. ಮೊಬೈಲ್ ಹಿಡಿದು, ಪೇಟೆಗೆ ಹೋಗಿಯೇ ತರಬೇಕಾದ ಸಾಮಾನುಗಳ ಯಾವುದೋ ಗ್ರೇವಿ ಹುಡುಕುವುದು. ಇಲ್ಲವೇ ಹೋಟೆಲಿನಿಂದ ಪಾರ್ಸೆಲ್ ತರಿಸುವುದು. ಗ್ರೇವಿ ಒಂದು ದಿನ ಆಗುತ್ತದೆ, ಉಳಿದ ಸಾಸ್ ಬಾಟಲಿ ಫ್ರಿಜ್ಜಿನಲ್ಲಿ ವರ್ಷಗಟ್ಟಲೆ ಕೂರುತ್ತದೆ.

ಇಲ್ಲಿ ಹೇಳುತ್ತಿರುವುದು ಬೇರೆ ದಾರಿ. ಹೊಸ ಅಡುಗೆ ಕಲಿಯುವುದೇ ಬೇಡ. ಕಣ್ಣು ಮುಚ್ಚಿ ಮಾಡುವ ಪದಾರ್ಥದಲ್ಲಿ, ಅಂದರೆ ಹುಳಿ, ಪಲ್ಯದಂಥ ಊಟದ ಅಡುಗೆಯಲ್ಲಿ, ಒಂದೇ ಒಂದು ಕಡೆ ಕೈ ಬದಲಿಸಿ. ಹುಳಿ ಬದಲಿಸಿ, ಇಲ್ಲ ಖಾರ ಬದಲಿಸಿ, ಇಲ್ಲ ಒಗ್ಗರಣೆ, ಇಲ್ಲ ತೆಂಗಿನಕಾಯಿ ಕಡೆಯುವ (ರುಬ್ಬುವ) ಕ್ರಮ. ಅದಕ್ಕೆ ಬೇಕಾದದ್ದೆಲ್ಲ ಹಿತ್ತಲಲ್ಲಿದೆ ಅಥವಾ ಪಕ್ಕದ ಮನೆಯಲ್ಲಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದರ ಬಗ್ಗೆ ನಮ್ಮವರ ಮಾತು ಇನ್ನೂ ಮುಗಿದಿಲ್ಲ. ಆದರೆ ಒಲೆಗಳ ಮಟ್ಟಿಗೆ ನಾವು ಅದಕ್ಕೂ ಮೊದಲಿನಿಂದ ಅಕ್ಕಪಕ್ಕದವರು. ಒಂದು ಮನೆಯಲ್ಲಿ ಕಾಯಿ ಕಡೆದು ಹಾಕಿದ ಕೊದಿಲು ಕುದಿಯುತ್ತಿದ್ದರೆ ಪಕ್ಕದಲ್ಲಿ ಮಲಯಾಳಿಗಳ ಅವಿಯಲ್, ಆಚೆ ಕೊಂಕಣಿಗರ ಬೇಳೆ ಸಾರು ದಾಳಿತೋಯ್, ರಸ್ತೆಯ ಆ ಬದಿಯಲ್ಲಿ ಅಕ್ಕಿ ರೊಟ್ಟಿಯಂಥ ಪತ್ತಿರಿ. ಇಷ್ಟಿದ್ದೂ ನಾವು ಸ್ಫೂರ್ತಿಗೆ ಮೊಬೈಲ್ ನೋಡುತ್ತೇವೆ ಅಂದರೆ ಸ್ವಲ್ಪ ನಾಚಿಕೆಯ ವಿಷಯವೇ.

ಮೊದಲು ನಾಲ್ಕು ಕಟ್ಟಲೆ

ಒಂದು: ನಿಮಗೆ ಚೆನ್ನಾಗಿ ಗೊತ್ತಿರುವ ಪದಾರ್ಥವನ್ನೇ ಆರಿಸಿಕೊಳ್ಳಿ. ಅದರ ರುಚಿ ನಾಲಿಗೆಯಲ್ಲಿ ಕೂತಿರಬೇಕು. ಹಾಗಿದ್ದರೆ ಮಾತ್ರ ಬದಲಾಗಿದ್ದು ಏನು ಅಂತ ಗೊತ್ತಾಗುತ್ತದೆ.

ಎರಡು: ಒಂದು ಸಲಕ್ಕೆ ಒಂದೇ ಬದಲಾವಣೆ. ಹುಣಸೆಯ ಬದಲು ಬಿಂಬುಳಿ (ಬಿಲಿಂಬಿ ಅನ್ನುವ ಹಸಿರು ಹುಳಿಕಾಯಿ) ಹಾಕಿದ ದಿನವೇ ಒಗ್ಗರಣೆಗೂ ಹೊಸದೇನಾದರೂ ಹಾಕಿದರೆ, ಚೆನ್ನಾಗಿ ಆದರೂ ಯಾವುದರಿಂದ ಆಯಿತು ಅಂತ ತಿಳಿಯುವುದಿಲ್ಲ. ಕೆಟ್ಟರಂತೂ ಕೇಳುವುದೇ ಬೇಡ.

ಮೂರು: ಇಡೀ ಪಾತ್ರೆಗೆ ಕೈ ಹಾಕಬೇಡಿ. ಎರಡು ಸೌಟು ಪದಾರ್ಥವನ್ನು ಸಣ್ಣ ಪಾತ್ರೆಗೆ ತೆಗೆದು, ಅದರಲ್ಲಿ ಪರೀಕ್ಷೆ ಮಾಡಿ. ಹಿಡಿಸಿದರೆ ದೊಡ್ಡ ಪಾತ್ರೆಗೂ ಹಾಕಿ. ಮನೆಯಲ್ಲಿ ಹೊಸದು ಅಂದ ಕೂಡಲೇ ಮುಖ ಸಿಂಡರಿಸುವ ಮಾವನವರೋ ಮಕ್ಕಳೋ ಇದ್ದರೆ ಇದು ತುಂಬಾ ಉಪಕಾರಕ್ಕೆ ಬರುತ್ತದೆ. ಅವರಿಗೆ ಹಳೆಯದು, ನಿಮಗೆ ಹೊಸದು. ಎರಡನೇ ದಿನ ಅವರೇ ಸಣ್ಣ ಪಾತ್ರೆಯ ಕಡೆ ಕೈ ಚಾಚುತ್ತಾರೆ.

ನಾಲ್ಕು: ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಎರಡು ಶಬ್ದ ಬರೆದಿಡಿ. "ಬಿಂಬುಳಿ 6, ಜಾಸ್ತಿ." ಅಷ್ಟು ಸಾಕು. ಹಾಲಿನ ಲೆಕ್ಕದ ಪಕ್ಕದಲ್ಲಿ ಅದೂ ಇರಲಿ.

ಹುಳಿಯಿಂದ ಶುರು ಮಾಡಿ

ಎಲ್ಲಕ್ಕಿಂತ ಸುಲಭದ ಮತ್ತು ಎಲ್ಲಕ್ಕಿಂತ ದೊಡ್ಡ ಬದಲಾವಣೆ ಹುಳಿಯದ್ದು. ವರ್ಷವಿಡೀ ಹುಣಸೆಹಣ್ಣು ಹಿಂಡುತ್ತೇವೆ. ಅದೇ ಹೊತ್ತಿಗೆ ಹಿತ್ತಲಲ್ಲಿ ಬಿಂಬುಳಿ ಉದುರಿ ಕೊಳೆಯುತ್ತಿರುತ್ತದೆ.

ನಾಲ್ಕು ಜನರ ಹುಳಿಗೆ ಒಂದು ನಿಂಬೆಗಾತ್ರದ ಹುಣಸೆ ಹಾಕುವವರು ನೀವಾದರೆ, ಅದರ ಬದಲಿಗೆ ಸುಮಾರು ಈ ಅಳತೆ ಹಿಡಿಯಬಹುದು:

- ಬಿಂಬುಳಿ 5–6
- ಅಂಬಟೆಕಾಯಿ 3–4, ಜಜ್ಜಿದ್ದು
- ಒಣಗಿದ ಪುನರ್ಪುಳಿ (ಕೋಕಂ) ಸಿಪ್ಪೆ 6–8
- ಹುಳಿ ಮಾವಿನಕಾಯಿ ಅರ್ಧ
- ಹುಳಿ ಮಜ್ಜಿಗೆ ಒಂದು ಲೋಟ

ಇದೆಲ್ಲ ಕಣ್ಣಂದಾಜು. ಮರದಿಂದ ಮರಕ್ಕೆ ಹುಳಿ ಬೇರೆ. ಹಾಗಾಗಿ ಮೊದಲು ಮುಕ್ಕಾಲು ಪಾಲು ಹಾಕಿ, ಬಾಯಿಗೆ ಬಿಟ್ಟು ನೋಡಿ, ಆಮೇಲೆ ಉಳಿದದ್ದು.

ಬಿಂಬುಳಿಯನ್ನು ಹೀಗೆ ಮಾಡಿ ನೋಡಿ. ತೊಗರಿಬೇಳೆ ಬೇಯಿಸಿಟ್ಟುಕೊಳ್ಳಿ. ಸೌತೆಕಾಯಿಯೋ ಬದನೆಯೋ ಉಪ್ಪು ಹಾಕಿ ಬೇರೆ ಬೇಯಲಿ. ಹೋಳು ಮುಕ್ಕಾಲು ಬೆಂದಾಗ ಬಿಂಬುಳಿಯನ್ನು ಉದ್ದಕ್ಕೆ ಎರಡು ಸೀಳು ಮಾಡಿ ಹಾಕಿ. ಮೊದಲೇ ಹಾಕಿದರೆ ಹೋಳು ಬೇಯುವುದೇ ಇಲ್ಲ ಅನ್ನುವಷ್ಟು ತಡ ಮಾಡುತ್ತದೆ. ಹುಳಿ ಬಿದ್ದ ಮೇಲೆ ತರಕಾರಿಯಾಗಲಿ ಬೇಳೆಯಾಗಲಿ ಮೆತ್ತಗಾಗುವುದು ನಿಧಾನ, ಇದು ಹುಣಸೆಗೂ ಅನ್ವಯಿಸುವ ಮಾತು. ಬಿಂಬುಳಿ ಬಿಸಿನೀರಿಗೆ ಬಿದ್ದ ಮೂರು ನಾಲ್ಕು ನಿಮಿಷದಲ್ಲಿ ಗಿಳಿಹಸಿರು ಬಿಟ್ಟು ಮಾಸಲು ಹಳದಿಗೆ ತಿರುಗುತ್ತದೆ. ಸೌಟಿನ ಬೆನ್ನಿನಿಂದ ಒತ್ತಿದರೆ ಮೆತ್ತಗೆ ಕುಸಿಯುತ್ತದೆ. ಅಲ್ಲಿಗೆ ಬೇಳೆ, ಕಡೆದ ಕಾಯಿ ಸೇರಿಸಿ ಒಂದು ಕುದಿ ಬರಿಸಿ ಇಳಿಸಿ. ಒಂದು ವಿಷಯ ನೆನಪಿರಲಿ: ಇಳಿಸಿದ ಮೇಲೂ ಅದು ಹುಳಿ ಬಿಡುತ್ತಲೇ ಇರುತ್ತದೆ. ಹನ್ನೊಂದು ಗಂಟೆಗೆ ಸರಿಯಾಗಿದ್ದದ್ದು ಊಟದ ಹೊತ್ತಿಗೆ ಹಲ್ಲು ಜುಮ್ಮೆನ್ನಿಸಬಹುದು. ಒಲೆಯ ಮೇಲಿದ್ದಾಗ ಸ್ವಲ್ಪ ಕಡಿಮೆ ಅನಿಸಿದರೆ ಅದೇ ಸರಿ.

ಬಿಂಬುಳಿ ವಿಷಯದಲ್ಲಿ ಒಂದು ಎಚ್ಚರಿಕೆ. ಪದಾರ್ಥಕ್ಕೆ ನಾಲ್ಕೈದು ಹಾಕುವುದು ಬೇರೆ, ಕೊಲೆಸ್ಟರಾಲ್ ಇಳಿಯುತ್ತದೆ ಅಂತ ಅದರ ಹಸಿ ರಸವನ್ನು ಲೋಟಗಟ್ಟಲೆ ಕುಡಿಯುವುದು ಬೇರೆ. ಅದರಲ್ಲಿ ಆಕ್ಸಲೇಟ್ ತುಂಬಾ ಇದೆ. ಹಾಗೆ ಕುಡಿದು ಕಿಡ್ನಿಗೆ ತೊಂದರೆ ಆದ ಪ್ರಕರಣಗಳನ್ನು ಕೇರಳದ ವೈದ್ಯರೇ ದಾಖಲಿಸಿದ್ದಾರೆ.

ಪುನರ್ಪುಳಿಗೆ ನೆನೆಯಲು ಸಮಯ ಕೊಡಿ. ಬಿಸಿನೀರಿನಲ್ಲಿ ಕಾಲು ಗಂಟೆ ಇಟ್ಟರೆ ಬಣ್ಣವೂ ಹುಳಿಯೂ ಬಿಡುತ್ತದೆ. ಅದರ ಸಾರು ಎಲ್ಲರಿಗೂ ಗೊತ್ತು. ನಾನು ಹೇಳುವುದು ಅದನ್ನು ಕಾಯಿ ಹಾಕಿದ ಪದಾರ್ಥಕ್ಕೆ ತರಲು. ಬಣ್ಣ ನಸುಗೆಂಪಾಗುತ್ತದೆ, ಹುಣಸೆಯ ಭಾರ ಇರುವುದಿಲ್ಲ. ಅಲಸಂಡೆ ಕಾಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಬಸಳೆಗೆ ನನಗೆ ಅಷ್ಟು ಹಿಡಿಸುವುದಿಲ್ಲ.

ಹುಳಿಯ ಅಡುಗೆಗೆ ಮಣ್ಣಿನ ಪಾತ್ರೆ ಅಥವಾ ಸ್ಟೀಲ್ ಇರಲಿ. ಕಬ್ಬಿಣದ ಬಾಣಲೆಯಲ್ಲಿ ಪದಾರ್ಥ ಕಪ್ಪಾಗಿ ಲೋಹದ ರುಚಿ ಬರುತ್ತದೆ. ಅಲ್ಯೂಮಿನಿಯಂ ಅಂತೂ ಬೇಡವೇ ಬೇಡ.

ಖಾರ ಎಂದರೆ ಕೆಂಪು ಮೆಣಸು ಮಾತ್ರವೇ?

ಊರಮೆಣಸು, ಬ್ಯಾಡಗಿ, ಹಸಿಮೆಣಸು. ನಮ್ಮ ಖಾರ ಹೆಚ್ಚಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಒಳ್ಳೆಮೆಣಸು (ಕಾಳುಮೆಣಸು) ಇದೆ, ಬೇಲಿ ಬದಿಯಲ್ಲಿ ಹಕ್ಕಿ ಬಿತ್ತಿದ ಜೀರಿಗೆ ಮೆಣಸು ಅನ್ನುವ ಪುಟ್ಟ ಮೆಣಸಿನಕಾಯಿ ಇದೆ. ಮಲಯಾಳಿಗಳ ಕಾಂತಾರಿ ಇದೇ.

ಜೀರಿಗೆ ಮೆಣಸನ್ನು ಕುದಿಸುವುದಕ್ಕಿಂತ ಹಸಿಯಾಗಿ ಜಜ್ಜುವುದು ಮೇಲು. ಮರಗೆಣಸು ಬೇಯಿಸಿದ ದಿನ ಮಲಯಾಳಿ ಮನೆಗಳಲ್ಲಿ ಮಾಡುವ ಚಮ್ಮಂದಿ (ಚಟ್ನಿ) ನೋಡಿ. ಎಂಟು ಹತ್ತು ಜೀರಿಗೆ ಮೆಣಸು, ಐದಾರು ಸಣ್ಣ ಈರುಳ್ಳಿ, ಕಲ್ಲುಪ್ಪು. ಇಷ್ಟನ್ನು ಕಲ್ಲಿನಲ್ಲಿ ಒರಟಾಗಿ ಜಜ್ಜಬೇಕು. ಮಿಕ್ಸಿಗೆ ಹಾಕಿದರೆ ನುಣ್ಣಗಾಗಿ ನೀರು ಬಿಡುತ್ತದೆ, ಮಜಾ ಹೋಗುತ್ತದೆ. ಮೇಲಿಂದ ಎರಡು ಚಮಚ ಹಸಿ ತೆಂಗಿನೆಣ್ಣೆ ಹಾಕಿ ಕಲಸಿ. ಎಣ್ಣೆ ಸುಮ್ನೆ ಪರಿಮಳಕ್ಕೆ ಮಾತ್ರ ಅಲ್ಲ. ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಖಾರ ಒಂದೇ ಕಡೆ ಚುಚ್ಚದೆ ಬಾಯಿಯೆಲ್ಲ ಹರಡುತ್ತದೆ. ಖಾರ ಹೆಚ್ಚಾದಾಗ ನೀರು ಕುಡಿದರೆ ಕಡಿಮೆಯಾಗದೆ ಮಜ್ಜಿಗೆ ಕುಡಿದರೆ ಕಡಿಮೆಯಾಗುವುದೂ ಇದಕ್ಕೇ ಹತ್ತಿರದ ಕಾರಣದಿಂದ. ಇದನ್ನು ಮರಗೆಣಸಿಗೇ ಕಟ್ಟಿಹಾಕಬೇಕಾಗಿಲ್ಲ. ಕುಚ್ಚಲಕ್ಕಿ ಗಂಜಿಗೆ ಒಂದು ಚಮಚ ಹಾಕಿ ಉಂಡು ನೋಡಿ. ರಾತ್ರಿ ಗಂಜಿ ಬೇಡ ಅನ್ನುವ ಮಕ್ಕಳು ಮನೆಯಲ್ಲಿದ್ದರೆ, ದೊಡ್ಡವರ ಈ ಚಮ್ಮಂದಿ ಕದ್ದು ತಿನ್ನುವುದರಿಂದಲೇ ಅವರ ಗಂಜಿ ಪ್ರೀತಿ ಶುರುವಾಗಬಹುದು.

ಒಳ್ಳೆಮೆಣಸಿನ ಮಾತು ಬೇರೆ. ಅದನ್ನು ಕೊನೆಗೆ ಹಾಕಬೇಕು, ಆಗಲೇ ಕುಟ್ಟಿದ್ದು ಹಾಕಬೇಕು. ಪುಡಿ ಮಾಡಿ ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟದ್ದರಲ್ಲಿ ಖಾರ ಉಳಿಯುತ್ತದೆ, ಪರಿಮಳ ಉಳಿಯುವುದಿಲ್ಲ. ಬಾಳೆಕಾಯಿ ಪಲ್ಯಕ್ಕೆ ಕೆಂಪು ಮೆಣಸು ಪೂರ್ತಿ ಬಿಟ್ಟು, ಇಳಿಸುವಾಗ ಅರ್ಧ ಚಮಚ ಕುಟ್ಟಿದ ಒಳ್ಳೆಮೆಣಸು ಹಾಕಿ.

ಇನ್ನು ಹಸಿ ಸಾಸಿವೆ. ಮುಳ್ಳುಸೌತೆ ಸಾಸಿವೆ ಮಾಡುವವರಿಗೆ ಇದು ಹೊಸದಲ್ಲ. ಹೊಸದು ಏನೆಂದರೆ ಅದನ್ನು ಬೇರೆ ಕಡೆಗೆ ಒಯ್ಯುವುದು: ಬೇಯಿಸಿದ ಬೀಟ್ರೂಟಿಗೆ, ಹಣ್ಣಾದ ಅನಾನಸಿಗೆ, ಸುಟ್ಟ ಬದನೆಗೆ. ಅರ್ಧ ಕಪ್ ಕಾಯಿತುರಿಗೆ ಅರ್ಧ ಚಮಚ ಸಾಸಿವೆ ಸಾಕು. ಕಾಯಿ ಪೂರ್ತಿ ಕಡೆದ ಮೇಲೆ ಕೊನೆಗೆ ಸಾಸಿವೆ ಹಾಕಿ ಎರಡು ಸುತ್ತು ತಿರುಗಿಸಿ. ಜಾಸ್ತಿ ಹೊತ್ತು ಕಡೆದರೆ ಕಹಿಯಾಗುತ್ತದೆ. ಸಾಸಿವೆ ಒಡೆದು ನೀರು ತಾಗಿದಾಗ ಮೂಗಿಗೆ ಏರುವ ಘಾಟು ಹುಟ್ಟುತ್ತದೆ, ಬಿಸಿ ತಾಗಿದರೆ ಸಾಯುತ್ತದೆ. ಹಾಗಾಗಿ ಬೇಯಿಸಿದ ತರಕಾರಿ ಪೂರ್ತಿ ಆರಿದ ಮೇಲೆಯೇ ಬೆರೆಸಿ.

ತೆಂಗಿನಕಾಯಿ: ಕಡೆಯುವುದೊಂದೇ ಕೆಲಸವಲ್ಲ

ತೆಂಗಿನ ಮೇಲೆ 1916ರಿಂದ ಸಂಶೋಧನೆ ನಡೆಯುತ್ತಿರುವ ಊರು ನಮ್ಮದು. ಆ ಕೇಂದ್ರವೇ 1970ರಲ್ಲಿ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಆಯಿತು. ಮನೆಯಲ್ಲಿ ಮಾತ್ರ ನಾವು ಕಾಯಿ ಹೆರೆದು, ಮೆಣಸು ಕೊತ್ತಂಬರಿ ಜೊತೆ ನುಣ್ಣಗೆ ಕಡೆದು ಹಾಕುವುದರಲ್ಲೇ ಇದ್ದೇವೆ. ಅದೇ ಕಾಯಿ, ಅದೇ ಮೆಣಸು ಇಟ್ಟುಕೊಂಡು ನಾಲ್ಕು ಬೇರೆ ಪದಾರ್ಥ ಮಾಡಬಹುದು.

ಮೊದಲನೆಯದು ಒರಟಾಗಿ ಕಡೆಯುವುದು. ಅವಿಯಲಿಗೆ ಮಾಡುವ ಹಾಗೆ ಕಾಯಿ, ಹಸಿಮೆಣಸು, ಜೀರಿಗೆ ಇಷ್ಟನ್ನೇ ನೀರು ಹೆಚ್ಚು ಹಾಕದೆ ತರಿತರಿಯಾಗಿ. ತೊಂಡೆಕಾಯಿಗೆ ಇದನ್ನು ಹಾಕಿ, ಮೊಸರು ಬೆರೆಸಿ, ಕುದಿಯಲು ಬಿಡದೆ ಇಳಿಸಿ.

ಎರಡನೆಯದು ಹಾಲು. ಒಂದು ಕಾಯಿಯ ತುರಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ ಹಿಂಡಿ. ಮೊದಲು ಬಂದ ದಪ್ಪ ಹಾಲು ಬೇರೆ ತೆಗೆದಿಡಿ. ಎರಡನೇ ಹಿಂಡಿನ ತೆಳು ಹಾಲಿನಲ್ಲಿ ಬೂದುಗುಂಬಳಕಾಯಿ, ಸೀಳಿದ ಹಸಿಮೆಣಸು ಬೇಯಿಸಿ, ಬೆಂದ ಅಲಸಂಡೆ ಕಾಳು ಸೇರಿಸಿ. ದಪ್ಪ ಹಾಲು ಕೊನೆಗೆ, ಬೆಂಕಿ ಆರಿಸುವ ಹೊತ್ತಿಗೆ. ಮಲಯಾಳಿಗಳ ಓಲನ್ ಇಷ್ಟೇ. ಮಸಾಲೆ ಇಲ್ಲ, ಹುಳಿ ಇಲ್ಲ, ಒಗ್ಗರಣೆಯೂ ಇಲ್ಲ, ಒಂದು ಚಮಚ ಹಸಿ ಎಣ್ಣೆ ಮತ್ತು ಬೇವಿನಸೊಪ್ಪು (ಕರಿಬೇವು). ಹುಳಿ ಮಸಾಲೆ ಇಲ್ಲದ ಊಟವೇ ನಮ್ಮ ನಾಲಿಗೆಗೆ ದೊಡ್ಡ ಸಾಹಸ, ಅಲ್ವಾ?

ಮೂರನೆಯದು ಹುರಿದು ಕಡೆಯುವುದು. ಇದಕ್ಕೆ ತಾಳ್ಮೆ ಬೇಕು, ಮೊಬೈಲ್ ದೂರ ಇಡಬೇಕು. ದಪ್ಪ ತಳದ ಬಾಣಲೆಗೆ ಒಂದು ಚಮಚ ತೆಂಗಿನೆಣ್ಣೆ, ಒಂದು ಕಪ್ ಕಾಯಿತುರಿ. ಸಣ್ಣ ಉರಿ. ಮೊದಲ ಕೆಲವು ನಿಮಿಷ ಏನೂ ಆಗುವುದಿಲ್ಲ, ತುರಿಯ ನೀರು ಆರುತ್ತಿರುತ್ತದೆ ಅಷ್ಟೆ. ಆಮೇಲೆ ಸೌಟಿಗೆ ಹಗುರ ಅನಿಸಲು ಶುರುವಾಗುತ್ತದೆ. ಬದಿಗಳಲ್ಲಿ ಬಣ್ಣ ಬರುತ್ತದೆ. ಅಲ್ಲಿಂದ ಕೈ ನಿಲ್ಲಿಸಬಾರದು. ಬಾಣಲೆಯ ಅಂಚಿನಿಂದ ನಡುವಿಗೆ ಎಳೆಯುತ್ತಾ ಇರಿ. ತುರಿ ಗೋಧಿಬಣ್ಣ ದಾಟಿ ಇಟ್ಟಿಗೆ ಬಣ್ಣಕ್ಕೆ ಬರುವಾಗ, ಬೇರೆ ಹುರಿದಿಟ್ಟ ಎರಡು ಚಮಚ ಕೊತ್ತಂಬರಿ, ನಾಲ್ಕು ಒಣಮೆಣಸು, ನಾಲ್ಕೇ ಕಾಳು ಮೆಂತೆ ಹಾಕಿ ಒಮ್ಮೆ ತಿರುವಿ. ಕೂಡಲೇ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಸೀದು ಹೋಗುತ್ತದೆ. ಆರಿದ ಮೇಲೆ ಮೊದಲು ನೀರಿಲ್ಲದೆ ರುಬ್ಬಿ, ಎಣ್ಣೆ ಬಿಟ್ಟು ಮುದ್ದೆಯಾದ ಮೇಲೆ ಸ್ವಲ್ಪ ನೀರು. ಕಡಲೆಗೆ, ಜೀಗುಜ್ಜೆಗೆ (ದಿವಿಹಲಸಿಗೆ), ಸುವರ್ಣಗೆಡ್ಡೆಗೆ ಇದು ಎಷ್ಟು ಚೆನ್ನಾಗಿ ಕೂರುತ್ತದೆ ಎಂದರೆ, ಮೀನು ಕೋಳಿ ತಿನ್ನುವ ಮನೆಯವರಿಗೂ ಆ ದಿನ ಬೇರೆ ಪದಾರ್ಥದ ನೆನಪಾಗುವುದಿಲ್ಲ.

ನಾಲ್ಕನೆಯದಕ್ಕೆ ಕಡೆಯುವುದೇ ಬೇಡ. ಮಲಯಾಳಿಗಳ ಎರಿಶ್ಶೇರಿಗೆ ಮಾಡುವಂತೆ ಕಾಲು ಕಪ್ ತುರಿಯನ್ನು ಒಗ್ಗರಣೆಯಲ್ಲೇ ಕೆಂಪಗೆ ಹುರಿದು ಚೀನಿಕಾಯಿ (ಸಿಹಿಗುಂಬಳ) ಪದಾರ್ಥದ ಮೇಲೆ ಸುರಿಯಿರಿ. ಕಲಕಬೇಡಿ, ಬಡಿಸುವಾಗ ಅದಾಗಿಯೇ ಸೇರಲಿ.

ಒಗ್ಗರಣೆ, ಒಗ್ಗರಣೆ ಇಲ್ಲದಿರುವುದು

ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಬೇವಿನಸೊಪ್ಪು. ಕೈ ತಾನಾಗಿಯೇ ಈ ಡಬ್ಬಿಗಳಿಗೆ ಹೋಗುತ್ತದೆ. ಒಂದು ದಿನ ಸಾಸಿವೆ ಡಬ್ಬಿ ಮುಟ್ಟದೆ ನೋಡಿ. ಪಲ್ಯ ಬೆಂದು ಒಲೆ ಆರಿಸಿದ ಮೇಲೆ ಎರಡು ಚಮಚ ಒಳ್ಳೆಯ ತೆಂಗಿನೆಣ್ಣೆ ಸುತ್ತ ಹಾಕಿ. ಒಂದು ಹಿಡಿ ಬೇವಿನಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಮೇಲೆ ಹಾಕಿ. ತಕ್ಷಣ ಮುಚ್ಚಳ ಮುಚ್ಚಿ ಐದು ನಿಮಿಷ ಬಿಡಿ. ಮುಚ್ಚಳ ತೆಗೆದಾಗ ಬರುವ ಪರಿಮಳಕ್ಕೆ ಒಳಗಿರುವುದು ಬರೀ ಪಡುವಲಕಾಯಿ ಅಂತ ನಂಬುವುದು ಕಷ್ಟ. ಎಣ್ಣೆ ಹಳಸಲು ವಾಸನೆ ಇದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಬಿಸಿ ಮಾಡದ ಎಣ್ಣೆ ತನ್ನ ಗುಣ ಮುಚ್ಚಿಡುವುದಿಲ್ಲ.

ಒಗ್ಗರಣೆ ಬೇಕೇ ಬೇಕು ಅನ್ನುವವರಿಗೆ: ಒಣಮೆಣಸಿನ ಬದಲು ಮಜ್ಜಿಗೆ ಮೆಣಸು ಹುರಿದು ಪುಡಿ ಮಾಡಿ ಹಾಕಿ, ಆದರೆ ಆ ದಿನ ಪದಾರ್ಥಕ್ಕೆ ಉಪ್ಪು ಕಡಿಮೆ. ಬೆಳ್ಳುಳ್ಳಿ ಹಾಕುವ ಮನೆಯಾದರೆ ಸಿಪ್ಪೆ ಸಮೇತ ಜಜ್ಜಿ ಹಾಕಿ. ಹಾಕದ ಮನೆಯಾದರೆ ಇಂಗನ್ನು ಪುಡಿಯಾಗಿ ಅಲ್ಲ, ಗಟ್ಟಿ ಇಂಗನ್ನು ನೀರಿನಲ್ಲಿ ಕರಗಿಸಿ ಕೊನೆಗೆ ಹಾಕಿ. ಕೊಂಕಣಿ ಮನೆಗಳ ದಾಳಿತೋಯ್‌ನಲ್ಲಿ ಮುಖ್ಯವಾಗಿ ಇರುವುದು ಬೇಳೆ, ಹಸಿಮೆಣಸು, ಇಂಗು, ಒಂದು ಒಗ್ಗರಣೆ ಅಷ್ಟೇ. ಆದರೂ ಅದಕ್ಕೆ ಅಂಥ ರುಚಿ.

ಕೊಂಕಣಿಗರ ಅಂಗಡಿ ಇರುವ ಕಡೆ ತಿರ್ಫಲ ಸಿಗುತ್ತದೆ. ಒಣಗಿ ಬಾಯಿಬಿಟ್ಟ ಸಣ್ಣ ಕಾಯಿ. ಒಳಗಿನ ಕಪ್ಪು ಬೀಜ ತೆಗೆದು ಬಿಸಾಡಿ, ಸಿಪ್ಪೆ ಮಾತ್ರ ಇಟ್ಟುಕೊಳ್ಳಿ. ನಾಲ್ಕು ಜನರ ಪದಾರ್ಥಕ್ಕೆ ಆರೇಳು ಸಾಕು. ಸ್ವಲ್ಪ ನೀರಿನಲ್ಲಿ ಜಜ್ಜಿ, ಇಳಿಸುವ ಮೊದಲು ಹಾಕಿ. ನಾಲಿಗೆ ಸಣ್ಣಗೆ ಜುಮುಗುಡುತ್ತದೆ, ಅದೇ ಅದರ ಗುಣ. ಬಟಾಟೆ ಅಥವಾ ಜೀಗುಜ್ಜೆಗೆ ಹಾಕಿ. ಕೊತ್ತಂಬರಿ, ಜೀರಿಗೆ ಹಾಕಿದ ಮಸಾಲೆಗೆ ಬೇಡ, ಎರಡೂ ಜಗಳವಾಡುತ್ತವೆ.

ಬೆಂಕಿಯ ರುಚಿ

ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಕಳೆದುಕೊಂಡದ್ದು ಹೊಗೆಯ ರುಚಿ. ಅದನ್ನು ಬೇಕಾದಾಗ ತರಿಸಿಕೊಳ್ಳಬಹುದು.

ಗೆರಟೆಯ (ತೆಂಗಿನ ಚಿಪ್ಪಿನ) ಒಂದು ತುಂಡನ್ನು ಗ್ಯಾಸಿನ ಉರಿಯಲ್ಲಿ ಚಿಮಟದಿಂದ ಹಿಡಿದು ಸುಡಿ. ಮೊದಲು ಜ್ವಾಲೆ ಏಳುತ್ತದೆ, ಕಪ್ಪು ಹೊಗೆ ಬರುತ್ತದೆ. ಅದು ಆರಿ ತುಂಡು ಪೂರ್ತಿ ಕೆಂಪು ಕೆಂಡವಾಗುವವರೆಗೆ ಕಾಯಿರಿ. ಬೇಯಿಸಿದ ಬದನೆ ಗೊಜ್ಜಿನ ನಡುವೆ ಸಣ್ಣ ಸ್ಟೀಲ್ ಬಟ್ಟಲು ಇಟ್ಟು, ಅದರಲ್ಲಿ ಕೆಂಡ ಇಟ್ಟು, ಅರ್ಧ ಚಮಚ ತುಪ್ಪ ಬಿಡಿ. ಚುರ್ ಅಂತ ಬಿಳಿ ಹೊಗೆ ಏಳುತ್ತದೆ. ಕೂಡಲೇ ಮುಚ್ಚಿ. ಮೂರು ನಿಮಿಷ ಸಾಕು. ಹತ್ತು ನಿಮಿಷ ಬಿಟ್ಟರೆ ಗೊಜ್ಜು ಹೊಗೆಗೂಡಿನ ವಾಸನೆ ಹೊಡೆಯುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬಟ್ಟೆ ಇರದಿರಲಿ. ಇದೇ ಕೆಲಸವನ್ನು ಮಜ್ಜಿಗೆಗೂ ಮಾಡಬಹುದು. ಸೆಕೆಗಾಲದಲ್ಲಿ ಶುಂಠಿ, ಉಪ್ಪು ಹಾಕಿದ ಮಜ್ಜಿಗೆಗೆ ಈ ಹೊಗೆ ಹಿಡಿಸಿ ಕೊಟ್ಟರೆ ಬಂದವರು ಎರಡನೇ ಲೋಟ ಕೇಳುತ್ತಾರೆ.

ಬಾಳೆಲೆಯೂ ಬೆಂಕಿಯ ಜೊತೆಯದ್ದೇ. ಮೀನು ಮಾಡುವವರಿಗೆ ಎಲೆಯಲ್ಲಿ ಕಟ್ಟಿ ಕಾವಲಿಯಲ್ಲಿ ಬೇಯಿಸುವುದು ಗೊತ್ತು. ಜೀಗುಜ್ಜೆಯನ್ನು ಕಾಲಿಂಚು ದಪ್ಪಕ್ಕೆ ಹೆಚ್ಚಿ, ಉಪ್ಪು, ಮೆಣಸು, ಅರಿಶಿನ, ಹುಣಸೆ ರಸ ಹಚ್ಚಿ, ಅದೇ ಥರ ಕಟ್ಟಿ. ಎಲೆಯನ್ನು ಮೊದಲು ಉರಿಯ ಮೇಲೆ ಬಾಡಿಸಿಕೊಂಡರೆ ಮಡಚುವಾಗ ಹರಿಯುವುದಿಲ್ಲ. ಸಣ್ಣ ಉರಿಯಲ್ಲಿ ಎರಡೂ ಕಡೆ ಎಂಟೆಂಟು ನಿಮಿಷ.

ಸೊಪ್ಪಿನ ಪರೀಕ್ಷೆಗೆ ತಂಬುಳಿ

ಗೊತ್ತಿಲ್ಲದ ರುಚಿಯನ್ನು ಪರೀಕ್ಷಿಸಲು ತಂಬುಳಿಯಷ್ಟು ಅಗ್ಗದ ಜಾಗ ಇನ್ನೊಂದಿಲ್ಲ. ಹಿಡಿ ಸೊಪ್ಪು, ಕಾಲು ಚಮಚ ಜೀರಿಗೆ, ನಾಲ್ಕು ಕಾಳು ಒಳ್ಳೆಮೆಣಸು ತುಪ್ಪದಲ್ಲಿ ಬಾಡಿಸಿ, ಕಾಲು ಕಪ್ ಕಾಯಿ ಜೊತೆ ಕಡೆದು, ಒಂದು ಲೋಟ ಮಜ್ಜಿಗೆಗೆ ಕದಡುವುದು. ಕೆಟ್ಟರೆ ಹೋಗುವುದು ಒಂದು ಲೋಟ ಮಜ್ಜಿಗೆ. ಒಂದೆಲಗ, ದೊಡ್ಡಪತ್ರೆ ಎಲ್ಲರೂ ಮಾಡುತ್ತಾರೆ. ಪೇರಳೆ (ಸೀಬೆ) ಕುಡಿ, ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆಯ ಒಂದು ಸಣ್ಣ ಚೂರು ಕೂಡ ಹೀಗೇ ಆಗುತ್ತದೆ.

ಆದರೆ ಹೆಸರು ಗೊತ್ತಿಲ್ಲದ ಸೊಪ್ಪು ಕೀಳಬೇಡಿ. ಊರಿನ ಹಿರಿಯ ಅಜ್ಜಿ ಒಬ್ಬರು ಕೈಯಲ್ಲಿ ಹಿಡಿದು ಹೌದು ಅಂದ ಮೇಲೆಯೇ ಅಡುಗೆಮನೆಗೆ ತನ್ನಿ. ಕಾಡಿನ ಅಣಬೆಯ ವಿಷಯದಲ್ಲಿ ಆ ಧೈರ್ಯವೂ ಬೇಡ. ಕೆಸುವನ್ನು ಹುಳಿ ಹಾಕಿ ಪೂರ್ತಿ ಬೇಯಿಸದಿದ್ದರೆ ಗಂಟಲು ತುರಿಸುವುದು ಗೊತ್ತೇ ಇದೆ. ಬೇಲಿಯಲ್ಲಿ ಬೆಳೆಸುವ ವಿಟಮಿನ್ ಸೊಪ್ಪನ್ನೂ (ಚಕ್ರಮುನಿ) ಬೇಯಿಸಿಯೇ ತಿನ್ನಿ. ತೈವಾನಿನಲ್ಲಿ 1990ರ ದಶಕದಲ್ಲಿ ತೂಕ ಇಳಿಸಲು ಅದರ ಹಸಿ ರಸ ಕುಡಿದ ಹಲವರಿಗೆ ಶ್ವಾಸಕೋಶದ ಗಂಭೀರ ಕಾಯಿಲೆ ಬಂದಿತ್ತು.

ಕುರುಕುರು

ಇದು ಬೇಗ ಮುಗಿಯುವ ವಿಷಯ. ನಮ್ಮ ಊಟದಲ್ಲಿ ಎಲ್ಲವೂ ಮೆತ್ತಗೆ. ಅನ್ನ ಮೆತ್ತಗೆ, ಹೋಳು ಮೆತ್ತಗೆ. ಹಪ್ಪಳವನ್ನು ಬದಿಗೆ ಇಡುವ ಬದಲು ಸುಟ್ಟು ಪುಡಿ ಮಾಡಿ, ಕಾಯಿತುರಿ, ಈರುಳ್ಳಿ, ಒಂದು ಹನಿ ಎಣ್ಣೆ ಜೊತೆ ಕಲಸಿ. ಬಡಿಸುವ ಕ್ಷಣದಲ್ಲೇ ಕಲಸಬೇಕು. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು. ನಾವು ಅದರ ಬೇಳೆಯನ್ನು (ಬೀಜವನ್ನು) ಇನ್ನೂ ಹಂದಿಗೆ ಬಿಡುತ್ತಿದ್ದೇವೆ. ಬೇಯಿಸಿದ ಹಲಸಿನ ಬೇಳೆಯನ್ನು ತೆಳ್ಳಗೆ ಸೀಳಿ ತೆಂಗಿನೆಣ್ಣೆಯಲ್ಲಿ ಗರಿಗರಿ ಮಾಡಿ ಹರಿವೆ ಪಲ್ಯದ ಮೇಲೆ ಹಾಕಿ.

ಪಕ್ಕದ ಮನೆಯಿಂದ ಕಲಿಯುವುದು

ಪಾಕವಿಧಾನ ಕೇಳಬೇಡಿ. "ಒಂದು ಚಮಚ, ಎರಡು ಚಮಚ" ಅಂತ ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಅದರ ಬದಲು ಒಂದೇ ಪ್ರಶ್ನೆ ಕೇಳಿ: "ಚೇಚಿ, ಹುಳಿ ಯಾವಾಗ ಹಾಕುವುದು?" "ಮಾಯೀ, ಇಂಗು ಮೊದಲೋ ಕೊನೆಗೋ?" ಇಂಥದ್ದಕ್ಕೆ ಎಲ್ಲರೂ ಖುಷಿಯಿಂದ ಉತ್ತರ ಕೊಡುತ್ತಾರೆ, ಸಾಧ್ಯವಾದರೆ ಒಲೆಯ ಹತ್ತಿರಕ್ಕೇ ಕರೆಯುತ್ತಾರೆ. ಓಣಂ ಹೊತ್ತಿಗೆ ಪಕ್ಕದ ಮನೆಯಿಂದ ಬಂದ ಇಂಚಿಪುಳಿಯನ್ನು ಅನ್ನಕ್ಕೆ ಕಲಸಿ ಮುಗಿಸಬೇಡಿ. ಎರಡು ಚಮಚ ಉಳಿಸಿ, ಮರುದಿನ ದೋಸೆಯ ಮೇಲೆ ಸವರಿ ನೋಡಿ. ಶುಂಠಿ, ಹುಣಸೆ, ಬೆಲ್ಲ ಮೂರೂ ಇರುವುದರಿಂದ ಚಟ್ನಿಯೇ ಬೇಡ.

ಪಾತ್ರೆ ಖಾಲಿ ಮರಳಿಸಬಾರದು ಅನ್ನುವ ಕ್ರಮ ನಮ್ಮಲ್ಲಿದೆಯಲ್ಲ, ಅದನ್ನೂ ಬಳಸಿಕೊಳ್ಳಿ. ನಿಮ್ಮ ಮೇಲಾರ (ಮಜ್ಜಿಗೆಹುಳಿ) ಅವರಿಗೂ ಹೊಸದೇ.

ಕೆಟ್ಟರೆ

ಉಪ್ಪು ಜಾಸ್ತಿಯಾದರೆ ಬಟಾಟೆ ಹಾಕಿ ಉಪ್ಪು ಹೀರಿಸುವುದನ್ನು ನಾನು ನಂಬುವುದಿಲ್ಲ. ಅದು ಹೀರುವುದು ನೀರಿನ ಜೊತೆ ಅಲ್ಪ ಸ್ವಲ್ಪ. ಉಪ್ಪಿಲ್ಲದೆ ಬೇಯಿಸಿದ ಹೋಳು, ಬೇಳೆ, ಕಾಯಿ ಸೇರಿಸಿ ಪದಾರ್ಥವನ್ನೇ ಹೆಚ್ಚು ಮಾಡುವುದೊಂದೇ ದಾರಿ. ಹುಳಿ ಜಾಸ್ತಿಯಾದರೆ ಬೆಲ್ಲ, ಆದರೂ ಬಗ್ಗದಿದ್ದರೆ ಕಾಯಿಹಾಲು. ಖಾರಕ್ಕೆ ಕಾಯಿ ಅಥವಾ ಮೊಸರು. ಮಜ್ಜಿಗೆ ಒಡೆದರೆ ಒಂದು ಚಮಚ ಅಕ್ಕಿಹಿಟ್ಟು ಕದಡಿ ಹಾಕಿ ಮೆಲ್ಲಗೆ ಬಿಸಿ ಮಾಡಿ. ನುಣುಪು ಪೂರ್ತಿ ಮರಳದಿದ್ದರೂ ಊಟಕ್ಕೆ ಬರುತ್ತದೆ. ಹುರಿದ ಕಾಯಿ ಸೀದು ಹೋದರೆ ಮಾತ್ರ ಉಪಾಯವಿಲ್ಲ. ಅದನ್ನು ತೆಂಗಿನ ಬುಡಕ್ಕೆ ಹಾಕಿ ಬೇರೆ ಕಾಯಿ ಹೆರೆಯಿರಿ.

ನೆಂಟರು ಬರುವ ದಿನ, ತಿಥಿಯ ದಿನ, ಮಕ್ಕಳ ಪರೀಕ್ಷೆಯ ದಿನ ಪ್ರಯೋಗ ಬೇಡ. ಮಂಗಳವಾರದಂಥ ಯಾವುದೋ ಸಾದಾ ದಿನ ಒಳ್ಳೆಯದು.

ಉಳಿದ ಪದಾರ್ಥವನ್ನು ರಾತ್ರಿ ಮಣ್ಣಿನ ಪಾತ್ರೆಯಲ್ಲಿ ಸಣ್ಣ ಉರಿಗೆ ಇಟ್ಟು ಬತ್ತಿಸಿ. ಕಾಯಿ ಎಣ್ಣೆ ಬಿಟ್ಟು, ಹೋಳು ಮಸಾಲೆಯಲ್ಲಿ ಅಂಟಿಕೊಂಡು ಗಟ್ಟಿಯಾಗುತ್ತದೆ. ಬೆಳಗ್ಗೆ ನೀರುದೋಸೆಗೆ ಅದನ್ನೇ ಹಾಕಿಕೊಳ್ಳಿ, ಚಟ್ನಿ ಕಡೆಯುವ ಕೆಲಸವೂ ಉಳಿಯಿತು.